ಒಳ್ಳೆ ಗಾಳಿಯ ಗೋಕುಲಂ

ಗೋಕುಲಂನಲ್ಲಿ ಎಷ್ಟು ಜನ ಇದ್ದಾರೆ ಎಂದು ಯಾರಾದರೂ ಕೇಳಿದರೆ, ಯಾವ ತಿಂಗಳ ಲೆಕ್ಕ ಬೇಕು ಎಂದು ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು. 2011ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ ಹೆಚ್ಚುಕಡಿಮೆ 9 ಲಕ್ಷ ಎಂದಾಯಿತು. ಆದರೆ ಊರಿನ ವಾಯುವ್ಯ ಮೂಲೆಯ ಈ ಬಡಾವಣೆ ವರ್ಷವಿಡೀ ಒಂದೇ ಅಳತೆಯಲ್ಲಿ ಇರುವುದಿಲ್ಲ. ದಸರೆ ಮುಗಿದು ಚಳಿ ಹಿಡಿಯುತ್ತಿದ್ದಂತೆ ಬ್ರೆಜಿಲ್, ಜಪಾನ್, ರಷ್ಯಾ, ಅಮೆರಿಕದವರು ಬಂದಿಳಿಯುತ್ತಾರೆ. ಬಿಸಿಲು ಏರುವ ಹೊತ್ತಿಗೆ ಒಬ್ಬೊಬ್ಬರೇ ಗಂಟುಮೂಟೆ ಕಟ್ಟುತ್ತಾರೆ. ಉಳಿದ ತಿಂಗಳುಗಳಲ್ಲಿ ಬಡಾವಣೆ ನಿವೃತ್ತರಿಗೆ, ನಾಯಿ ಹಿಡಿದು ವಾಕಿಂಗ್ ಹೊರಟವರಿಗೆ, ಮನೆ ಮುಂದಿನ ಗಿಡದಿಂದ ಹೂವು ಕಿತ್ತವರ ಮೇಲೆ ಬೆಳಗ್ಗೆ ಬೆಳಗ್ಗೆಯೇ ಹರಿಹಾಯುವ ಗೃಹಿಣಿಯರಿಗೆ ಸೇರಿದ್ದು.

ಹಾಗೆ ಬರುವ ವಿದೇಶಿಯರು ಕಲಿಯಲು ಬರುವುದು ಯೋಗ. ಎಂದರೆ, ಮುಖ್ಯವಾಗಿ ಉಸಿರಾಡುವುದನ್ನು. ತಮಾಷೆಯೆಂದರೆ, ಉಸಿರಿನ ಸಲುವಾಗಿ ಈ ಕಡೆಗೆ ಬಂದವರಲ್ಲಿ ಇವರು ಮೊದಲಿಗರಲ್ಲ.

ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದ ತೀರಿಕೊಂಡರು. ಅವರ ಹೆಸರಿನಲ್ಲಿ ಕೆಆರ್‌ಎಸ್ ರಸ್ತೆಯ ಪಕ್ಕ ಸ್ಯಾನಿಟೋರಿಯಂ ಶುರುವಾದದ್ದು 1921ರಲ್ಲಿ. ಜನರ ಬಾಯಲ್ಲಿ ಅದು ಇವತ್ತಿಗೂ ಪಿಕೆಟಿಬಿ ಆಸ್ಪತ್ರೆ. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಸಿಗಲು ಇನ್ನೂ ಎರಡು ದಶಕಕ್ಕೂ ಹೆಚ್ಚು ಕಾಲ ಕಾಯಬೇಕಿದ್ದ ದಿನಗಳವು. ಬಿಸಿಲು, ಹಾಲು, ಮೊಟ್ಟೆ, ವಿಶ್ರಾಂತಿ, ಎಲ್ಲಕ್ಕಿಂತ ಹೆಚ್ಚಾಗಿ ಒಳ್ಳೆ ಗಾಳಿ: ಇಷ್ಟೇ ಔಷಧ. ಹಾಗಾಗಿ ಕ್ಷಯದ ಆಸ್ಪತ್ರೆಗೆ ಊರಾಚೆಯ ಬಯಲೇ ಬೇಕಿತ್ತು. ರೋಗಿಯ ಹತ್ತಿರ ಸುಳಿಯಲು ಹೆದರುತ್ತಿದ್ದ ಊರಿನವರಿಗೂ ಅದೇ ಅನುಕೂಲ. ಬರಬರುತ್ತ ಊರೇ ಬೆಳೆದು ಆಸ್ಪತ್ರೆಯನ್ನು ದಾಟಿ ಮುಂದಕ್ಕೆ ಹೋಯಿತು. ಈಗ ಅದೇ ಆಸುಪಾಸಿನಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ ಇದೆ, ಟ್ರಾಮಾ ಕೇರ್ ಕೇಂದ್ರವಿದೆ. ಹಿಂದೆ ಜನ ದೂರ ನಿಲ್ಲುತ್ತಿದ್ದ ರಸ್ತೆಯಲ್ಲಿ ಇಂದು ಆಂಬುಲೆನ್ಸ್ ಹೋಗಲು ದಾರಿ ಬಿಡಿಸಬೇಕಾಗಿದೆ.

ಈ ರಸ್ತೆಗೆ ಹೆಸರಿಡುವ ವಿಚಾರದಲ್ಲೇ 2024ರ ಡಿಸೆಂಬರ್‌ನಲ್ಲಿ ದೊಡ್ಡ ಗದ್ದಲವಾಯಿತು. ಒಂಟಿಕೊಪ್ಪಲಿನ ಲಕ್ಷ್ಮೀವೆಂಕಟರಮಣಸ್ವಾಮಿ ದೇವಸ್ಥಾನದಿಂದ ರಿಂಗ್ ರಸ್ತೆವರೆಗಿನ ಭಾಗಕ್ಕೆ ‘ಸಿದ್ದರಾಮಯ್ಯ ಆರೋಗ್ಯ ಮಾರ್ಗ’ ಎಂದು ಹೆಸರಿಡುವ ಪ್ರಸ್ತಾವ ಪಾಲಿಕೆಯಿಂದ ಬಂತು. ಅದಕ್ಕೆ ಆಗಲೇ ಪ್ರಿನ್ಸೆಸ್ ರಸ್ತೆ ಎಂಬ ಹೆಸರಿದೆಯಲ್ಲ ಎಂದು ಆಕ್ಷೇಪಣೆಗಳು ಬಂದವು. ಅಷ್ಟರ ತನಕ ಎಷ್ಟೋ ಜನ ಮೈಸೂರಿಗರಿಗೆ ಅದು ಬರೀ ಕೆಆರ್‌ಎಸ್ ರಸ್ತೆ. ರಾಜಕುಮಾರಿಯ ಹೆಸರು ಮತ್ತೆ ಎಲ್ಲರ ನಾಲಿಗೆಗೆ ಬರಲು ಜಗಳವೇ ಬೇಕಾಯಿತು.

ರಾಜಮನೆತನದ ಹೆಣ್ಣುಮಕ್ಕಳ ಋಣ ಈ ಭಾಗದ ಮೇಲೆ ಇಷ್ಟಕ್ಕೇ ಮುಗಿಯುವುದಿಲ್ಲ. ಇನ್ನೊಬ್ಬ ಸಹೋದರಿ ಚೆಲುವಾಜಮ್ಮಣ್ಣಿಯವರ ಬಂಗಲೆಯಲ್ಲೇ 1950ರಲ್ಲಿ ಆಹಾರ ಸಂಶೋಧನೆಯ ಸಂಸ್ಥೆ ಸಿಎಫ್‌ಟಿಆರ್‌ಐ ಆರಂಭವಾಯಿತು. ಎಮ್ಮೆ ಹಾಲಿನಿಂದ ಮಕ್ಕಳ ಆಹಾರ ತಯಾರಿಸುವ ವಿಧಾನವನ್ನು ಕಂಡುಹಿಡಿದದ್ದು ಈ ಸಂಸ್ಥೆ. ಅಮುಲ್ ಡಬ್ಬಿಯ ಹಾಲಿನ ಪುಡಿ ಕುಡಿದು ಬೆಳೆದವರೆಲ್ಲ ಆ ಬಂಗಲೆಗೆ ದೂರದ ನೆಂಟರು. ಯಾದವಗಿರಿ ಕಡೆ 1961ರಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಬಂತು. ಜಾವಾ, ಯೆಜ್ಡಿ ಬೈಕುಗಳ ಗುಡುಗು ಸುತ್ತಲಿನ ಬೀದಿಗಳಿಗೆ ಅಭ್ಯಾಸವಾಗಿಹೋಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಈಗ ಅದೇ ಬೀದಿಗಳಲ್ಲಿ ಬಾಡಿಗೆ ಸ್ಕೂಟಿಗಳ ಮೇಲೆ ಚಾಪೆ ಸುತ್ತಿಟ್ಟುಕೊಂಡ ವಿದೇಶಿಯರು ಸದ್ದಿಲ್ಲದೆ ಸಾಗುತ್ತಾರೆ, ಎಡಬದಿಯಲ್ಲಿ ಓಡಿಸಬೇಕು ಎಂಬುದನ್ನು ಆಗಾಗ ನೆನಪು ಮಾಡಿಕೊಳ್ಳುತ್ತ.

ಅವರನ್ನು ಇಲ್ಲಿಗೆ ಎಳೆದು ತಂದವರು ಕೆ. ಪಟ್ಟಾಭಿ ಜೋಯಿಸ್. ಹಾಸನ ಸೀಮೆಯ ಕೌಶಿಕದಲ್ಲಿ 1915ರಲ್ಲಿ ಹುಟ್ಟಿದವರು, ಟಿ. ಕೃಷ್ಣಮಾಚಾರ್ಯರ ಶಿಷ್ಯರು, ಸಂಸ್ಕೃತ ಪಾಠಶಾಲೆಯಲ್ಲಿ ಯೋಗದ ಮೇಷ್ಟ್ರು. ಲಕ್ಷ್ಮೀಪುರಂನ ಮನೆಯಲ್ಲಿ 1948ರಿಂದ ಅವರ ಪಾಠ ನಡೆಯುತ್ತಿತ್ತು. ಹತ್ತು ಹನ್ನೆರಡು ಚಾಪೆ ಹಾಸಿದರೆ ಕೋಣೆ ಭರ್ತಿ. 1964ರಲ್ಲಿ ಬೆಲ್ಜಿಯಂನಿಂದ ಆಂದ್ರೆ ವಾನ್ ಲೈಸೆಬೆತ್ ಬಂದು ಕಲಿತು ಹೋದ ಮೇಲೆ ಯುರೋಪಿನವರು, ಅವರ ಹಿಂದೆ ಅಮೆರಿಕದವರು ಹುಡುಕಿಕೊಂಡು ಬರತೊಡಗಿದರು. ಜಾಗ ಸಾಲದೆ 2002ರಲ್ಲಿ ಶಾಲೆ ಗೋಕುಲಂಗೆ ಬಂತು. ಜೋಯಿಸರು 2009ರಲ್ಲಿ ತೀರಿಕೊಂಡರು. ಮಗಳು ಸರಸ್ವತಿ, ಮೊಮ್ಮಗ ಶರತ್ ಪಾಠ ಮುಂದುವರಿಸಿದರು. ಶರತ್ 2024ರ ನವೆಂಬರ್‌ನಲ್ಲಿ ಅಮೆರಿಕದಲ್ಲಿದ್ದಾಗ ಹಠಾತ್ತನೆ ನಿಧನರಾದರು.

ಆ ಶಾಲೆಯ ಗಡಿಯಾರ ಊರಿನ ಗಡಿಯಾರಕ್ಕಿಂತ ಸುಮಾರು ಕಾಲು ಗಂಟೆ ಮುಂದೆ. ನಂದಿನಿ ಹಾಲಿನ ಕ್ರೇಟುಗಳು ಬೂತಿನ ಮುಂದೆ ದಡದಡ ಇಳಿಯುವ ಹೊತ್ತಿಗಾಗಲೇ ಕತ್ತಲಲ್ಲಿ ನಡೆದು ಬಂದವರು ಹೊರಕೋಣೆಯ ನೆಲದ ಮೇಲೆ ಕಾಲು ಮಡಚಿ ಕೂತಿರುತ್ತಾರೆ. ಒಳಗಿನಿಂದ ಕೇಳುವುದು ಹತ್ತಾರು ಜನ ಗಂಟಲಲ್ಲಿ ಎಳೆದು ಬಿಡುವ ಉಸಿರು ಮಾತ್ರ. ಒಬ್ಬರು ಮುಗಿಸಿ ಚಾಪೆ ಎತ್ತಿದರೋ, ‘ಒನ್ ಮೋರ್’ ಎಂದು ಕೂಗು ಬರುತ್ತದೆ. ಸರದಿಯಲ್ಲಿದ್ದವರು ದಡಕ್ಕನೆ ಎದ್ದು ಒಳಗೆ. ಶನಿವಾರ ರಜೆ. ಹುಣ್ಣಿಮೆ, ಅಮಾವಾಸ್ಯೆಗೂ ರಜೆ. ಆದ್ದರಿಂದ ಮುಂದಿನ ಅಮಾವಾಸ್ಯೆ ಯಾವತ್ತು ಎಂದು ಪಂಚಾಂಗ ನೋಡದೆ ಹೇಳಬಲ್ಲವರು ಗೋಕುಲಂನಲ್ಲಿ ಈಗ ಅರ್ಚಕರನ್ನು ಬಿಟ್ಟರೆ ಈ ಸ್ಪೇನಿನವರು, ಕೊರಿಯಾದವರು. ಪಕ್ಕದ ಮನೆಯ ಇಂಜಿನಿಯರ್ ಹುಡುಗನಿಗೆ ಅದು ಗೊತ್ತಿರುವುದು ಅನುಮಾನ.

ಬೆವರು ಆರಿದ ಮೇಲೆ ಎಲ್ಲರೂ ಸೇರುವುದು ಎಳನೀರಿನವನ ಹತ್ತಿರ. ಗಂಜಿ ಬೇಕೇ ಬೇಡವೇ ಎಂಬಷ್ಟು ಕನ್ನಡ ಅವರಿಗೂ ಬರುತ್ತದೆ, ಅದಕ್ಕೆ ಬೇಕಾದಷ್ಟು ಇಂಗ್ಲಿಷ್ ಅವನಿಗೂ ಬರುತ್ತದೆ. ಬಡಾವಣೆಯ ಸೌಕರ್ಯಗಳೆಲ್ಲ ಬೆಳೆದದ್ದು ಇಂಥ ಕೊಡುಕೊಳ್ಳುವಿಕೆಯಿಂದಲೇ. ಮಹಡಿ ಮೇಲೊಂದು ರೂಮು, ಅಡುಗೆಗೆ ಸಣ್ಣ ಜಾಗ, ಸೋಲಾರ್ ಬಿಸಿನೀರು, ಇಂಟರ್ನೆಟ್ ಕೊಟ್ಟರೆ ಪಿಂಚಣಿಯ ಜೊತೆಗೆ ಇನ್ನೊಂದು ವರಮಾನ. ಸಂಸ್ಕೃತ ಬಲ್ಲವರಿಗೆ ಶ್ಲೋಕ ಹೇಳಿಕೊಡುವ ಕೆಲಸ ಸಿಕ್ಕಿತು. ದೋಸೆ ಹೋಟೆಲಿನ ಪಕ್ಕದಲ್ಲೇ ಓಟ್ಸು, ಅವಕಾಡೊ ಕೊಡುವ ಕೆಫೆ ಎದ್ದಿತು. ಹೆಬ್ಬಾಳದ ಇನ್ಫೋಸಿಸ್ ತರಬೇತಿ ಕೇಂದ್ರದ ಹುಡುಗ ಹುಡುಗಿಯರಿಗೂ ವಾರಾಂತ್ಯಕ್ಕೆ ಅದು ಒದಗಿಬಂತು. ಇದರ ಬಿಸಿ ತಟ್ಟುವುದು ಬಾಡಿಗೆ ಮನೆ ಹುಡುಕುವ ಸ್ಥಳೀಯರಿಗೆ. ವರ್ಷಗಟ್ಟಲೆ ಇರುವ ಶಾಲಾ ಮೇಷ್ಟ್ರ ಸಂಸಾರಕ್ಕಿಂತ ಮೂರು ತಿಂಗಳಿದ್ದು ಹೋಗುವ ವಿದೇಶಿಯೇ ಮಾಲೀಕರಿಗೆ ಲಾಭ. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಪ್ರವಾಸಿ ವೀಸಾಗಳು ನಿಂತಾಗ ಅದೇ ಮಹಡಿಗಳು ಖಾಲಿ ಬಿದ್ದವು.

ಈ ವೈಭವದ ಬೆನ್ನಿಗೇ ಮಂಜುನಾಥಪುರ, ಕುಂಬಾರಕೊಪ್ಪಲು, ಮೇಟಗಳ್ಳಿಗಳಿವೆ. ಹಳ್ಳಿಗಳಾಗಿದ್ದು ನಗರದೊಳಗೆ ಸೇರಿಹೋದ ಜಾಗಗಳು. ಮೈಸೂರಿಗೆ 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶದ ಮೊದಲ ಸ್ಥಾನ ಬಂದಾಗ ಎಲ್ಲರೂ ಬೀಗಿದರು. ಕುಂಬಾರಕೊಪ್ಪಲಿನ ಕಸ ವಿಂಗಡಣೆ ಘಟಕದ ಕಡೆ ತಿರುಗಿ ನೋಡಿದವರು ಕಡಿಮೆ. ಕೆಫೆಯ ರಟ್ಟಿನ ಡಬ್ಬಿ, ಔಷಧದ ಬಾಟಲಿ, ಹರಿದ ಚಪ್ಪಲಿ, ಹಾಲಿನ ಕವರು, ಹೀಗೆ ಅಲ್ಲಿಗೆ ಬಂದ ಕಸವನ್ನೆಲ್ಲ ಕೈಯಲ್ಲೇ ಬೇರ್ಪಡಿಸಿ ಒಂದೊಂದನ್ನೂ ಬೇರೆ ಬೇರೆ ಮೂಟೆ ಕಟ್ಟುತ್ತಾರೆ. ಮಾರಬಹುದಾದದ್ದು ಗುಜರಿಗೆ ಹೋಗುತ್ತದೆ. ಹಸಿ ಕಸ ಗೊಬ್ಬರವಾಗಿ ರೈತರ ಹೊಲ ಸೇರುತ್ತದೆ. ಬಡಾವಣೆಯ ಒಳ್ಳೆ ಗಾಳಿಯನ್ನು ಹೊಗಳುವವರು ಆ ಮೂಟೆ ಕಟ್ಟುವವರ ಬಾಬತ್ತನ್ನೂ ಅದರಲ್ಲಿ ಸೇರಿಸಿಕೊಳ್ಳಬೇಕು. ಸದ್ಯಕ್ಕಂತೂ ಹೊಗಳಿಕೆಯೆಲ್ಲ ಗೋಕುಲಂನ ಕಾಂಟೂರ್ ರಸ್ತೆಯ ಮರಗಳ ಪಾಲಿಗೇ ಹೋಗುತ್ತಿದೆ.