ತಕ್ಕಡಿ ಕೆಟ್ಟಿಲ್ಲ, ನಂಬರ್ ಬದಲಾಗಿದೆ

ನಮ್ಮ ಬಿಕಾಂನಲ್ಲಿರೋ 'ಕಾಂ' ಅಂದ್ರೆ ಕಾಮರ್ಸು. ಕಂಪ್ಯೂಟರಿನ 'ಕಾಂ 3'ರಲ್ಲಿರೋ ಕಾಂ ಬೇರೆ, ಅದು ಕಮ್ಯುನಿಕೇಷನ್ನು. ಇವತ್ತು ಎರಡನೇದರ ಬಗ್ಗೆ. ಬೋರು ಅಂತ ಸ್ಕ್ರೋಲ್ ಮಾಡ್ಬೇಡಿ, ಇದರಲ್ಲಿ ಹಾಲು ಹಾಕೋರ ದುಡ್ಡಿದೆ.

ಹಳ್ಳಿ ಡೈರಿಯಲ್ಲಿ ಹಾಲು ಸುರಿದ ತಕ್ಷಣ ತೂಕ ತಾನಾಗೇ ಕಂಪ್ಯೂಟರಲ್ಲಿ ಬರೋದನ್ನ ನೋಡಿರ್ತೀರ. ಎಲೆಕ್ಟ್ರಾನಿಕ್ ತಕ್ಕಡಿ ಆ ಅಂಕಿಯನ್ನ ಸೀರಿಯಲ್ ಕೇಬಲ್‌ನಲ್ಲಿ ಕಳಿಸುತ್ತೆ. ಆರ್‌ಎಸ್-232 ಅನ್ನೋ ಈ ಪದ್ಧತಿ 1960ರಷ್ಟು ಹಳೇದು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಆ ಒಂಬತ್ತು ಪಿನ್ನಿನ ಜಾಗವೇ ಇಲ್ಲ, ಹಾಗಾಗಿ ಮಧ್ಯದಲ್ಲಿ ಒಂದು ಯುಎಸ್‌ಬಿ ಕನ್ವರ್ಟರ್ ವೈರು. ವಿಂಡೋಸ್ ಅದಕ್ಕೊಂದು ನಂಬರ್ ಕೊಡುತ್ತೆ: ಕಾಂ 3, ಕಾಂ 4, ಹೀಗೆ 256ರವರೆಗೂ ಹೋಗಬಹುದು. "ತಕ್ಕಡಿ ಕಾಂ 3ರಲ್ಲಿದೆ" ಅಂತ ಸಾಫ್ಟ್‌ವೇರಿಗೆ ಒಮ್ಮೆ ಹೇಳಿಟ್ಟಿರ್ತಾರೆ.

ತೊಂದರೆ ಶುರುವಾಗೋದು ಇಲ್ಲೇ. ಎಷ್ಟೋ ಅಗ್ಗದ ಕನ್ವರ್ಟರ್‌ಗಳಿಗೆ ತಮ್ಮದೇ ಆದ ಗುರುತಿನ ಸಂಖ್ಯೆ ಇರಲ್ಲ. ಅದೇ ವೈರನ್ನ ಪಕ್ಕದ ಯುಎಸ್‌ಬಿಗೆ ಚುಚ್ಚಿದ್ರೆ ವಿಂಡೋಸ್ ಯಾರೋ ಹೊಸಬರು ಬಂದ್ರು ಅಂದ್ಕೊಂಡು ಹೊಸ ನಂಬರ್ ಕೊಡುತ್ತೆ. ಸಾಫ್ಟ್‌ವೇರ್ ಮಾತ್ರ ಹಳೇ ಬಾಗಿಲಲ್ಲೇ ಕಾಯ್ತಾ ಕೂತಿರುತ್ತೆ.

ನಮ್ಮೂರ ಡೈರಿಯಲ್ಲಿ ಹೋದ ತಿಂಗಳು ಹೀಗೇ ಆಯ್ತು. ಟೇಬಲ್ ಒರೆಸುವಾಗ ಯಾರೋ ವೈರ್ ಕಿತ್ತು ಬೇರೆ ಕಡೆ ಹಾಕಿದ್ರು. ಎರಡು ದಿನ ತೂಕವನ್ನ ಕೈಯಲ್ಲೇ ಟೈಪ್ ಮಾಡಿದ್ರು. "ನಂದು 6.4 ಇತ್ತಲ್ಲಪ್ಪಾ, ಚೀಟೀಲಿ 6 ಅಂತ ಬಂದಿದೆ" ಅಂತ ಸಾಲಲ್ಲಿ ಒಬ್ಬರು ಅಂದ್ರು, ಸೆಕ್ರೆಟ್ರಿಗೆ ಸಿಟ್ಟು ಬಂತು. ತಕ್ಕಡಿ ಚೆನ್ನಾಗೇ ಇತ್ತು. ವೈರು ಕಾಂ 11ಕ್ಕೆ ಹೋಗಿತ್ತು, ಆ ಹಳೇ ಸಾಫ್ಟ್‌ವೇರಿನ ಪಟ್ಟಿ 9ಕ್ಕೇ ಮುಗೀತಿತ್ತು.

ಸರಿ ಮಾಡೋದು ಹೀಗೆ:

1. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ, ಡಿವೈಸ್ ಮ್ಯಾನೇಜರ್ ತೆಗೀರಿ. ಅಲ್ಲಿ 'ಪೋರ್ಟ್ಸ್' ಬಿಡಿಸಿ. ವೈರ್ ಕಿತ್ತು ಮತ್ತೆ ಹಾಕಿ. ಮಾಯವಾಗಿ ವಾಪಸ್ ಬರೋ ಸಾಲೇ ನಿಮ್ದು.

2. ಅದರ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್. ಕೆಳಗೆ ನಂಬರ್ ಬದಲಾಯಿಸೋ ಪಟ್ಟಿ ಸಿಗುತ್ತೆ. ಬದಲಾಯಿಸಿದ ಮೇಲೆ ವೈರ್ ಒಮ್ಮೆ ಕಿತ್ತು ಹಾಕಿ.

3. ಬೇಕಾದ ನಂಬರಿನ ಮುಂದೆ 'ಇನ್ ಯೂಸ್' ಅಂತಿದ್ಯಾ? ಟಿಸಿ ತಗೊಂಡು ಹೋದವನ ರೋಲ್ ನಂಬರ್ ಹಾಜರಿ ಪುಸ್ತಕದಲ್ಲಿ ಹಾಗೇ ಇದ್ದಂಗೆ ಇದು. ವ್ಯೂ ಮೆನುವಲ್ಲಿ 'ಶೋ ಹಿಡನ್ ಡಿವೈಸಸ್' ಒತ್ತಿದ್ರೆ ಈಗ ಜೋಡಿಸಿಲ್ಲದವು ಮಂಕಾಗಿ ಕಾಣುತ್ವೆ. ಬಳಕೆಯಲ್ಲಿ ಇಲ್ಲ ಅಂತ ಖಾತ್ರಿ ಇರೋ ಹಳೇ ಕನ್ವರ್ಟರನ್ನ ಮಾತ್ರ ಅನ್‌ಇನ್‌ಸ್ಟಾಲ್ ಮಾಡಿ. ಬ್ಲೂಟೂತ್‌ನವೂ ಅಲ್ಲಿರ್ತವೆ, ಅವನ್ನ ಮುಟ್ಬೇಡಿ.

4. ನಂಬರ್ ಸರಿಯಿದ್ದೂ ತೂಕ ಬರ್ತಿಲ್ವಾ? ಒಂದು ಪೋರ್ಟನ್ನ ಒಂದು ಹೊತ್ತಿಗೆ ಒಂದೇ ಪ್ರೋಗ್ರಾಂ ಬಳಸೋಕಾಗೋದು. ಬೇರೇದು ತೆರೆದಿದ್ರೆ ಮುಚ್ಚಿ. ಆಮೇಲೆ ಬಾಡ್ ರೇಟ್ ನೋಡಿ. ತಕ್ಕಡಿ 9600ರಲ್ಲಿ ಕಳಿಸ್ತಿದ್ರೆ ಸಾಫ್ಟ್‌ವೇರಲ್ಲೂ 9600 ಇರ್ಬೇಕು.

ಕೊನೇದಾಗಿ, ವೈರ್ ಚುಚ್ಚಿರೋ ಜಾಗದ ಪಕ್ಕ ಒಂದು ಚೀಟಿ ಅಂಟಿಸಿ: "ತಕ್ಕಡಿ, ಕಾಂ 3, ಕೀಳಬೇಡಿ". ಇಷ್ಟು ಮಾಡಿದ್ರೆ ಅರ್ಧ ತಲೆನೋವು ಹೋದಂಗೆ.

ವೋಚರ್ ಇಲ್ಲದ ಎಂಟ್ರಿಯನ್ನ ನಂಬಬೇಡಿ ಅಂತ ಆಡಿಟಿಂಗ್ ಕ್ಲಾಸಲ್ಲಿ ಹೇಳ್ತಾರಲ್ಲ, ತಕ್ಕಡಿಯಿಂದ ನೇರವಾಗಿ ಬರೋ ಅಂಕಿ ಹಾಲು ಹಾಕೋರ ಪಾಲಿಗೆ ಆ ವೋಚರ್. ಕೈಯಲ್ಲಿ ಟೈಪ್ ಮಾಡಿದಾಗ ಬರೆಯೋರು ಎಷ್ಟೇ ಪ್ರಾಮಾಣಿಕರಾಗಿದ್ರೂ ಅನುಮಾನ ಹುಟ್ಟುತ್ತೆ. ಅನುಮಾನ ಶುರುವಾದ ಮೇಲೆ ಅದನ್ನ ಸರಿ ಮಾಡೋ ಸೆಟ್ಟಿಂಗ್ ಯಾವ ಮೆನುವಲ್ಲೂ ಇಲ್ಲ.

ಊರಲ್ಲಿ ಡೈರಿ, ಅಂಗಡಿ, ತೂಕದ ಮನೆ ನಡೆಸೋರಿದ್ರೆ ಕಳಿಸಿ. ಸೇವ್ ಮಾಡ್ಕೊಳ್ಳಿ. ಮುಂದಿನ ಭಾಗ ಬಿಲ್ ಪ್ರಿಂಟರ್ ಬಗ್ಗೆ.