ಎಣಿಸಿ ಹಿಂದಿರುಗಿಸಿದ ಗುಂಡುಗಳು

ಕಳೆದ ಗಾಂಧಿ ಜಯಂತಿಯಂದು ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗವನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳಬೇಕೆನಿಸಿದೆ. ಮಧ್ಯಾಹ್ನದ ಪ್ರಸಾದ ಮುಗಿಸಿ ಎಲ್ಲರೂ ಟಿ.ವಿ.ಯ ಮುಂದೆ ಕುಳಿತಿದ್ದೆವು. ರಿಚರ್ಡ್ ಅಟೆನ್‌ಬರೋ ಅವರು 1982ರಲ್ಲಿ ತೆರೆಗೆ ತಂದ ‘ಗಾಂಧಿ’ ಚಿತ್ರ ನಡೆದಿತ್ತು. ಜಲಿಯನ್‌ವಾಲಾ ಬಾಗ್‌ನ ದೃಶ್ಯದಲ್ಲಿ ಸಿಪಾಯಿಗಳು ಸಾಲಾಗಿ ನಿಂತು ಬಂದೂಕು ಎತ್ತಿದೊಡನೆ, ಹನ್ನೊಂದು ವರ್ಷದ ನನ್ನ ಮಗ ಹುರುಪಿನಿಂದ ಕೂಗಿದನು: “ಅಜ್ಜಾ, ತ್ರೀ ನಾಟ್ ತ್ರೀ! ನನ್ನ ಕಂಪ್ಯೂಟರ್ ಆಟದಾಗೂ ಐತಿ. ನೀನೂ ಇದನ್ನ ಹಿಡಿದಿದ್ದಿ ಅಲ್ಲಾ?”

ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ದುಡಿದು ಹವಾಲ್ದಾರರಾಗಿ ನಿವೃತ್ತರಾದ ನನ್ನ ತಂದೆಯವರು ಉತ್ತರಿಸಲಿಲ್ಲ. ಎದ್ದು ಪಡಸಾಲೆಗೆ ಹೋದರು.

ಮಗ ಗುರುತಿಸಿದ್ದು ಸರಿಯೇ. ಜೇಮ್ಸ್ ಪ್ಯಾರಿಸ್ ಲೀ ಎಂಬ ಯಂತ್ರಜ್ಞನ ಹೆಸರೂ ಇಂಗ್ಲೆಂಡಿನ ಎನ್‌ಫೀಲ್ಡ್ ಕಾರ್ಖಾನೆಯ ಹೆಸರೂ ಕೂಡಿ ‘ಲೀ-ಎನ್‌ಫೀಲ್ಡ್’ ಆದ ಈ ಬಂದೂಕನ್ನು ಬ್ರಿಟಿಷ್ ಸೈನ್ಯವು 1895ರಲ್ಲಿ ಸ್ವೀಕರಿಸಿತು. ಸುಮಾರು ನಾಲ್ಕು ಕಿಲೋ ತೂಕ. ಒಮ್ಮೆಗೆ ಹತ್ತು ಕಾಡತೂಸು. ಪಳಗಿದ ಸಿಪಾಯಿಯು ನಿಮಿಷಕ್ಕೆ ಹದಿನೈದು ಸಲ ಗುರಿಯಿಟ್ಟು ಹೊಡೆಯಬಲ್ಲವನಾಗಿದ್ದನು. ಎರಡು ಮಹಾಯುದ್ಧಗಳಲ್ಲಿ ಬಳಕೆಯಾದ ಇದು ಬಂಗಾಳದ ಇಶಾಪುರದಲ್ಲಿಯೂ ತಯಾರಾಯಿತು. ಸ್ವಾತಂತ್ರ್ಯಾನಂತರ ನಮ್ಮ ಪೊಲೀಸರ ಹೆಗಲಿಗೂ ಬಂದಿತು. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿಧ್ಯುಕ್ತ ವಿದಾಯ ಹೇಳಿದ್ದು 2020ರಲ್ಲಿ.

ಚಲನಚಿತ್ರಗಳು ಇದಕ್ಕೆ ಮತ್ತೊಂದು ಆಯುಷ್ಯವನ್ನೇ ಕೊಟ್ಟಿವೆ. 1962ರ ‘ಲಾರೆನ್ಸ್ ಆಫ್ ಅರೇಬಿಯಾ’ದಲ್ಲಿ ಮರುಭೂಮಿಯ ಸಾಹಸಕ್ಕೆ ಇದು ಸಂಗಾತಿ. ನಿಜವಾದ ಲಾರೆನ್ಸನ ಬಂದೂಕು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನಲ್ಲಿದೆ. ಯುದ್ಧದ ಆಟಗಳಲ್ಲಂತೂ ಗುಂಡಿ ಒತ್ತಿದರೆ ಸಾಕು, ಖಾಲಿಯಾದ ಬಂದೂಕು ಮತ್ತೆ ತುಂಬುತ್ತದೆ.

ಆದರೆ ಅಮೃತಸರದಲ್ಲಿ ಗುಂಡುಗಳನ್ನು ಎಣಿಸಲಾಗಿತ್ತು. 1919ರ ಏಪ್ರಿಲ್ 13ರಂದು ಐವತ್ತು ಬಂದೂಕುಗಳಿಂದ ಹತ್ತು ನಿಮಿಷಗಳಲ್ಲಿ ಹಾರಿದವು 1,650 ಗುಂಡುಗಳು. ಸರಕಾರದ ಲೆಕ್ಕದಂತೆಯೇ ಸತ್ತವರು 379 ಮಂದಿ. ಆಜ್ಞೆಯಿತ್ತವನು ಡೈಯರ್, ಹಾರಿಸಿದವರು ಭಾರತೀಯ ಸೇನೆಯ ಸಿಪಾಯಿಗಳು.

ಸಂಜೆ ತಂದೆಯವರು ತಾವಾಗಿಯೇ ಮೊಮ್ಮಗನನ್ನು ಕರೆದು ಕೂರಿಸಿಕೊಂಡರು. ಅವರು ಹೇಳಿದ್ದನ್ನು ನಾನೂ ಅಂದೇ ಮೊದಲು ಕೇಳಿದೆ. ಒಂದು ಊರಿನಲ್ಲಿ ರೈತರ ಗುಂಪು ಕಚೇರಿಯನ್ನು ಮುತ್ತಿತ್ತು. ಕಲ್ಲುಗಳು ಬೀಳುತ್ತಿದ್ದವು. ಇವರಿಗೆ ಬಂದೂಕು ತುಂಬುವ ಆಜ್ಞೆಯಾಯಿತು. ಗುಂಪಿನ ಮುಂದೆ ನಿಂತವರಲ್ಲಿ ನಮ್ಮ ಸೋದರತ್ತೆಯ ಯಜಮಾನರೂ ಇದ್ದರಂತೆ! ಅಷ್ಟರಲ್ಲಿ ಊರಿನ ಹಿರಿಯರೊಬ್ಬರು ನಡುವೆ ಬಂದು ಕೈಮುಗಿದು ನಿಂತರು. ಗುಂಪು ಕರಗಿತು.

“ಹತ್ತು ಕಾಡತೂಸು ಎಣಿಸಿ ಕೊಟ್ಟಿದ್ರು. ಹತ್ತೂ ಎಣಿಸಿ ತಿರುಗಿ ಕೊಟ್ಟೆ. ನನ್ನ ನೌಕರಿಯೊಳಗ ನಾ ಮಾಡಿದ ದೊಡ್ಡ ಕೆಲಸ ಅದಽ,” ಎಂದರು.

“ಹೊಡಿ ಅಂತ ಹೇಳಿದ್ರ ಏನ್ಮಾಡ್ತಿದ್ದಿ, ಅಜ್ಜಾ?”

ತಂದೆಯವರು ಬಹಳ ಹೊತ್ತು ಸುಮ್ಮನಿದ್ದರು. “ಗೊತ್ತಿಲ್ಲಪಾ. ಇವತ್ತಿಗೂ ಗೊತ್ತಿಲ್ಲ. ಅದಕ್ಕಽ ಆ ಸಿಪಾಯಿಗಳ ಮಾರಿ ನನಗ ನೋಡಾಕ ಆಗೂದಿಲ್ಲ,” ಎಂದರು.

ಆ ಬಂದೂಕಿನಿಂದ ಊರಿಗೆ ಹೆಸರು ತಂದವರೆಂದು ತಂದೆಯವರ ಬಗ್ಗೆ ಬಾಲ್ಯದಲ್ಲಿ ನಾನು ಗೆಳೆಯರೆದುರು ಹೆಮ್ಮೆಪಟ್ಟದ್ದುಂಟು. ಅವರ ಮನಸ್ಸಿನ ಭಾರವನ್ನು ಮಾತ್ರ ಕೇಳಿರಲಿಲ್ಲ. ಮಗ ಇನ್ನೂ ಆಟ ಬಿಟ್ಟಿಲ್ಲ. ಬಿಡೆಂದು ನಾನೂ ಗದರಿಲ್ಲ. ಆದರೆ ಮೊನ್ನೆ ಅವನು ಗೆಳೆಯನಿಗೆ ಹೇಳುತ್ತಿದ್ದುದು ಕಿವಿಗೆ ಬಿದ್ದಿತು: “ನಮ್ಮಜ್ಜ ಹತ್ತೂ ಗುಂಡು ತಿರುಗಿ ಕೊಟ್ಟಾನ.” ಮಕ್ಕಳೆದುರು ಹಿರಿಯರು ಬಾಯಿಬಿಟ್ಟು ಮಾತನಾಡಿದರೆ, ಯಾವ ತೆರೆಯೂ ತೋರಿಸದ ಸತ್ಯವು ಮನೆಯ ಪಡಸಾಲೆಯಲ್ಲಿಯೇ ದೊರೆಯುತ್ತದೆಯೆಂದು ನನಗೆ ಅಂದು ಮನವರಿಕೆಯಾಯಿತು.