ಚಕ್ರದೊಳಗೊಂದು ಮೆತ್ತೆ

ಗಾಳಿಯನ್ನು ನಂಬಿ ನಡೆಯುವ ವಾಹನಗಳಲ್ಲಿ ಹಾಯಿಹಡಗಿನ ತರುವಾಯದ ಸ್ಥಾನ ಸೈಕಲ್ಲಿಗೆ ಸಲ್ಲಬೇಕು. ಹಡಗಿಗೆ ಗಾಳಿ ಹೊರಗಿನಿಂದ ಬೀಸಬೇಕು. ಸೈಕಲ್ಲಿಗೆ ಒಳಗೆ ತುಂಬಿರಬೇಕು. ಗಾಳಿ ಕೈಕೊಟ್ಟಾಗ ಎರಡರ ಪಾಡೂ ಒಂದೇ.

ಬೆಲ್‌ಫಾಸ್ಟಿನಲ್ಲಿ ನೆಲೆಸಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ಮಗನ ಮೂರುಗಾಲಿಯ ಸವಾರಿ ಸುಖವಾಗಲೆಂದು ಅದರ ಚಕ್ರಗಳಿಗೆ ಗಾಳಿ ತುಂಬಿದ ರಬ್ಬರ್ ಕೊಳವೆಯನ್ನು ತೊಡಿಸಿದನು. 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. 1845ರಲ್ಲಿಯೇ ಥಾಮ್ಸನ್ ಎಂಬಾತ ಇಂಥದೇ ಚಕ್ರಕ್ಕೆ ಪೇಟೆಂಟ್ ಪಡೆದಿದ್ದನಾದರೂ ಲೋಕ ಸವಾರಿ ಹೊರಟದ್ದು ಡನ್‌ಲಪ್ಪನ ಟಯರಿನ ಮೇಲೆಯೇ. ಗಟ್ಟಿ ರಬ್ಬರನ್ನು ಕಳೆದು ಗಾಳಿಯನ್ನು ತುಂಬಿದ್ದು ಅಂದಿನ ಸುಧಾರಣೆ. ಆ ಗಾಳಿಯೊಳಗೆ ಮತ್ತೊಂದು ವಸ್ತುವನ್ನು ಸೇರಿಸುವುದು ಇಂದಿನ ಸುಧಾರಣೆಯೆಂದು ನಾನು ತಿಳಿದದ್ದು ಚಿಕ್ಕಮಗಳೂರಿನ ನನ್ನ ಅಕ್ಕನ ಮನೆಯಲ್ಲಿ.

ಅಕ್ಕನ ಮಗನಿಗೆ ಬೆಟ್ಟದ ಸೈಕಲ್ಲಿನ ಹುಚ್ಚು. ಈ ಹುಚ್ಚಿನ ತವರು ಕ್ಯಾಲಿಫೋರ್ನಿಯದ ಮರಿನ್ ಕೌಂಟಿ. ಅಲ್ಲಿ 1976ರಲ್ಲಿ ಕೆಲವು ಗೆಳೆಯರು ದಪ್ಪ ಟಯರಿನ ಹಳೆಯ ಸೈಕಲ್ಲುಗಳನ್ನೇರಿ ಬೆಟ್ಟದ ಇಳಿಜಾರೊಂದರಲ್ಲಿ ಪಂದ್ಯ ಹೂಡಿದರು. ಕೆಳಗೆ ತಲಪುವಷ್ಟರಲ್ಲಿ ಹಿಂಗಾಲಿಯ ಬ್ರೇಕಿನೊಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿಸಾರಿಯೂ ಹೊಸದಾಗಿ ತುಂಬಬೇಕಾದ್ದರಿಂದ ಆ ದಾರಿಗೆ ‘ರೀಪ್ಯಾಕ್’ ಎಂದೇ ಹೆಸರಾಯಿತು. ಈಗ ಬ್ರೇಕುಗಳು ಸುಧಾರಿಸಿವೆ. ಹುಚ್ಚು ಮಾತ್ರ ಹಾಗೆಯೇ ಇದೆ.

ಹೋದ ವರ್ಷ ಇಳಿಜಾರಿನಲ್ಲಿ ಮುಂದಿನ ಚಕ್ರ ಕಲ್ಲಿಗೆ ಬಡಿದು, ಗಾಳಿ ಒಮ್ಮೆಲೇ ಹೋಗಿ, ಹುಡುಗ ಭುಜದ ಎಲುಬು ಮುರಿದುಕೊಂಡನು. ಅಕ್ಕ ಸೈಕಲ್ಲನ್ನು ಹಿತ್ತಿಲ ಕೋಣೆಯಲ್ಲಿಟ್ಟು ಬೀಗ ಹಾಕಿದಳು. ಕೈ ನೆಟ್ಟಗಾದ ಮೇಲೆ ಅವನು ಎರಡು ಫೋಮಿನ ಬಳೆಗಳನ್ನು ತರಿಸಿದನು. ನೋಡಿದರೆ ಹವಾಯಿ ಚಪ್ಪಲಿಯ ಅಟ್ಟೆಯನ್ನೇ ಬಗ್ಗಿಸಿ ಚಕ್ರ ಮಾಡಿದಂತಿತ್ತು. ಬೆಲೆ ಮಾತ್ರ ಹಲವು ಸಾವಿರ ರೂಪಾಯಿ.

ಬೆಟ್ಟದ ದಾರಿಯಲ್ಲಿ ಟಯರು ನೆಲವನ್ನು ಹಿಡಿಯಬೇಕಾದರೆ ಗಾಳಿ ಹಗುರಾಗಿರಬೇಕು. ಚದರ ಅಂಗುಲಕ್ಕೆ 20ರಿಂದ 30 ಪೌಂಡು ಸಾಕು. ಒತ್ತಡ ಇಳಿದಷ್ಟೂ ಹಿಡಿತ ಹೆಚ್ಚು. ಕಲ್ಲು ಟಯರನ್ನು ಅಮುಕಿ ರಿಮ್ಮಿಗೆ ಜಜ್ಜುವ ಅಪಾಯವೂ ಅಷ್ಟೇ ಹೆಚ್ಚು. ಟ್ಯೂಬಿದ್ದರೆ ಹಾವು ಕಚ್ಚಿದಂತೆ ಜೋಡಿ ತೂತು. ಈಗಿನ ಇಂಥ ಸೈಕಲ್ಲುಗಳಲ್ಲಿ ಅನೇಕಕ್ಕೆ ಟ್ಯೂಬೇ ಇಲ್ಲ. ಟಯರಿನೊಳಗೆ ರಬ್ಬರ್ ಹಾಲಿನಂಥ ದ್ರವವಿರುತ್ತದೆ. ಮುಳ್ಳಿನ ತೂತನ್ನು ಅದು ತಾನೇ ಮುಚ್ಚೀತು; ರಿಮ್ಮಿನ ಅಂಚು ಸೀಳಿದ ಗಾಯವನ್ನು ಮುಚ್ಚಲಾರದು. ಫೋಮಿನ ಬಳೆ ರಿಮ್ಮನ್ನು ಸುತ್ತಿ ಕುಳಿತು ಆ ಪೆಟ್ಟನ್ನು ತಾನು ತಿನ್ನುತ್ತದೆ. ಸ್ಪಂಜಿನಂತೆ ದ್ರವವನ್ನು ಹೀರುವುದಿಲ್ಲ. ಗಾಳಿ ಪೂರ್ತಿ ಹೋದರೂ ಟಯರು ಕಳಚದಂತೆ ಒತ್ತಿಹಿಡಿದು, ಮೆಲ್ಲಗೆ ಮನೆ ಮುಟ್ಟಿಸಬಲ್ಲದು. ದಪ್ಪನೆಯದಾದರೆ ಒಂದೊಂದೂ ಸುಮಾರು ಕಾಲು ಕಿಲೋ ತೂಗುತ್ತದೆ. ಆ ಭಾರವನ್ನು ಏರಿನಲ್ಲಿ ಕಾಲುಗಳು ಹೊರಬೇಕು.

ಇಷ್ಟನ್ನೂ ಹುಡುಗ ವಿವರಿಸಿದ ಮೇಲೆ ಅಕ್ಕ ನನ್ನತ್ತ ತಿರುಗಿದಳು. “ನೀನು ಎಂ.ಎ. ಮಾಡಿದವನು, ಸರಿಯಾಗಿ ಹೇಳು. ಇದನ್ನು ಹಾಕಿದರೆ ಇವನು ಬೀಳುವುದಿಲ್ಲವೇ?”

ಕನ್ನಡದ ಎಂ.ಎ.ಗೂ ಟಯರಿಗೂ ಏನು ಸಂಬಂಧವೆಂದು ಕೇಳುವ ಹೊತ್ತು ಅದಾಗಿರಲಿಲ್ಲ. “ಮಾವ, ಹೇಳಿ” ಎಂದು ಹುಡುಗ ಕಣ್ಣಿನಲ್ಲೇ ಬೇಡುತ್ತಿದ್ದನು.

“ಬೀಳುವುದನ್ನು ಇದು ತಡೆಯದು, ಅಕ್ಕ” ಎಂದೆ. “ಹೋದ ವರ್ಷ ಬಿದ್ದ ಹಾಗೆ ಬೀಳುವುದು ಕಡಮೆಯಾದೀತು. ಬೀಳಲು ಇವನಿಗೆ ಇನ್ನೂ ನೂರು ದಾರಿಗಳಿವೆ.”

ಹುಡುಗನ ಮುಖ ಬಾಡಿತು. ಅಕ್ಕ ಬಹಳ ಹೊತ್ತು ಸುಮ್ಮನಿದ್ದು ಎದ್ದುಹೋದಳು. ಬೀಗದ ಕೈಯೊಡನೆ ಬಂದಳು. “ಬೀಳುವುದೇ ಇಲ್ಲ ಅಂದಿದ್ದರೆ ನಾನು ಕೊಡುತ್ತಿರಲಿಲ್ಲ” ಎಂದಳು.

ಇನ್ನು ಆ ಬಳೆಯನ್ನು ಕೂರಿಸಿದ ಸಾಹಸ! ಟಯರಿನ ಅಂಚು ರಿಮ್ಮಿನ ನಡುವಣ ತಗ್ಗಿಗೆ ಇಳಿದರಷ್ಟೇ ಕೊನೆಯ ಗೇಣು ಒಳಗೆ ಹೋಗುತ್ತದೆ. ಆ ತಗ್ಗಿನ ಮೇಲೆ ಫೋಮು ಆಸೀನವಾಗಿರುತ್ತದೆ. ನಾವಿಬ್ಬರು ಗಂಡಸರು ಒಂದು ಗಂಟೆ ಹೆಣಗಿ ಬೆರಳು ತರಚಿಕೊಂಡೆವು. ಕೊನೆಗೆ ಅಕ್ಕ ಸೋಪಿನ ನೀರು ಸವರಿ, “ಆಚೆ ಬದಿಯಲ್ಲಿ ಒತ್ತಿ ಹಿಡಿಯಿರಿ, ಈಚೆ ಸಡಿಲವಾಗುತ್ತದೆ, ದಿಂಬಿಗೆ ಗವಸು ತೊಡಿಸಿ ಗೊತ್ತಿಲ್ಲವೇ?” ಎಂದು ತಾನೇ ಕುಳಿತಳು. ಗವಸು ತೊಡಿಸಿದ್ದಾಯಿತು.

ಈಗ ಭಾನುವಾರ ಮಗ ಹೊರಡುವಾಗ ಅಕ್ಕ ಹೆಬ್ಬೆರಳಿನಿಂದ ಟಯರನ್ನು ಒತ್ತಿ ನೋಡುತ್ತಾಳಂತೆ. ಒತ್ತಿದರೆ ತಿಳಿಯುವುದು ಗಾಳಿ ಮಾತ್ರ. ಫೋಮು ಬೆರಳಿಗೆ ಸಿಗುವುದಿಲ್ಲ. ಹೆಚ್ಚಿನ ದಿನಗಳಲ್ಲಿ ಅದಕ್ಕೆ ಕೆಲಸವೂ ಇಲ್ಲ. ಆದರೂ ಒಳಗಿದೆಯೆಂದು ಅವಳಿಗೆ ಗೊತ್ತು, ತಾನೇ ಕೂರಿಸಿದ್ದಲ್ಲವೇ?